ಸುಪ್ತ ಮನಸ್ಸನ್ನು ಮನೆಯಲ್ಲೇ ಕೂತು ಓದಿಕೊಳ್ಳುವುದು ಹೇಗೆ

ಸುಪ್ತ ಮನಸ್ಸು ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಮನೋವಿಶ್ಲೇಷಣೆ ಶುರು ಮಾಡಿದ ಡಾಕ್ಟರ್ ಫ್ರಾಯ್ಡ್, ಸೋಫಾ ಮೇಲೆ ಮಲಗಿದ ರೋಗಿ, ಕನಸು, ಮತ್ತೆ ಕಾಮ. ಅದು ಅರ್ಧ ಕಥೆ. ಫ್ರಾಯ್ಡ್ ಜೊತೆ ಶುರು ಮಾಡಿ, ಅವರ ಜೊತೆಗೋ ಅವರ ಕಟ್ಟಾ ಅನುಯಾಯಿಗಳ ಜೊತೆಗೋ ಜಗಳ ಆಡಿ, ತಮ್ಮ ದಾರಿ ಹಿಡಿದ ಒಂದು ದೊಡ್ಡ ಗುಂಪೇ ಇದೆ. ಆಲ್ಫ್ರೆಡ್ ಆಡ್ಲರ್, ಕಾರ್ಲ್ ಯೂಂಗ್, ಕರೆನ್ ಹಾರ್ನೈ, ಎರಿಕ್ ಎರಿಕ್ಸನ್ ಹೀಗೆ. ಇವರನ್ನು ನವ ಮನೋವಿಶ್ಲೇಷಕರು ಅನ್ನುತ್ತಾರೆ. ನಮ್ಮ ಮನಸ್ಸಿನಲ್ಲಿ ನಮಗೇ ಗೊತ್ತಿಲ್ಲದ ಭಾಗ ಇದೆ ಅನ್ನುವುದನ್ನು ಇವರ್ಯಾರೂ ಬಿಡಲಿಲ್ಲ. ಆದರೆ ಅದರೊಳಗೆ ತುಂಬಿರುವುದು ಬರೀ ಕಾಮ ಅಲ್ಲ, ಜಾಸ್ತಿ ಇರುವುದು ನಮ್ಮ ಸುತ್ತಲಿನ ಜನ ಅಂದರು. ಅಪ್ಪ, ಅಮ್ಮ, ಅಣ್ಣ, ತಂಗಿ, ಶಾಲೆ, ಊರು. ಯೂಂಗ್ ಮಾತ್ರ ಇನ್ನೂ ಆಳಕ್ಕೆ ಹೋದರು, ಅದು ಆಮೇಲೆ.

ಒಂದೇ ಒಕ್ಕದ, ಅಂದರೆ ಒಂದೇ ಕುಲದ, ಅವೇ ಮುಖಗಳನ್ನು ಮದುವೆಗೆ, ಸಾವಿಗೆ, ಪುತ್ತರಿ ಹಬ್ಬಕ್ಕೆ, ಜಾಗದ ಜಗಳಕ್ಕೆ ವರ್ಷವಿಡೀ ನೋಡುವ ಕೊಡಗಿನ ನಮ್ಮಂಥವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಸುಪ್ತ ಮನಸ್ಸನ್ನು ಹುಡುಕಲು ಕನಸಿನ ತನಕ ಹೋಗಬೇಕಿಲ್ಲ, ಯಾರ ಮುಂದೆ ನಿಮ್ಮ ದನಿ ಏರುತ್ತದೆ, ಯಾರ ಮುಂದೆ ನಾಲಿಗೆ ಒಣಗುತ್ತದೆ ಅಂತ ನೋಡಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಇದಕ್ಕೆ ಒಳ್ಳೆ ಕಾಲ ಅಂದರೆ ಕಕ್ಕಡ, ನಮ್ಮ ಜೋರು ಮಳೆಯ ತಿಂಗಳು. ಹೊರಗೆ ಜಿಗಣೆ, ಒಳಗೆ ಕರೆಂಟ್ ಇಲ್ಲ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಬೇಕಾಗಿರುವುದು ಒಂದು ನೋಟ್‌ಬುಕ್, ಫೋನಿನ ಸ್ಟಾಪ್‌ವಾಚ್, ಮತ್ತು ನೀವು ಹೇಳಿದ್ದನ್ನು ಗೋಣಿಕೊಪ್ಪದ ಸಂತೆಯ ತನಕ ಮುಟ್ಟಿಸದ ಒಬ್ಬ ಸ್ನೇಹಿತ. ಮೂರನೆಯದು ಸಿಗುವುದೇ ಕಷ್ಟ.

ಮೊದಲು ಆಡ್ಲರ್‌ರಿಂದ ಶುರು ಮಾಡಿ, ಯಾಕೆಂದರೆ ಅವರ ವಿಧಾನ ಎಲ್ಲಕ್ಕಿಂತ ಸುಲಭ. ಇವರು ವಿಯೆನ್ನಾದ ಡಾಕ್ಟರ್, ಹುಟ್ಟಿದ್ದು 1870. ಚಿಕ್ಕವರಿದ್ದಾಗ ರಿಕೆಟ್ಸ್ ಕಾಯಿಲೆ, ಸರಿಯಾಗಿ ಓಡಲು ಆಗುತ್ತಿರಲಿಲ್ಲ. ತಮ್ಮ ತೀರಿಕೊಂಡ. ಆಮೇಲೆ ತಾವೇ ನ್ಯುಮೋನಿಯಾದಲ್ಲಿ ಸಾಯುವ ಹಂತಕ್ಕೆ ಹೋಗಿ ಬಂದರು. 1902ರಲ್ಲಿ ಫ್ರಾಯ್ಡ್ ಮನೆಯಲ್ಲಿ ಬುಧವಾರದ ಕೂಟ ಶುರುವಾದಾಗ ಮೊದಲ ಕೆಲವರಲ್ಲಿ ಇವರೂ ಒಬ್ಬರು, 1911ರಲ್ಲಿ ಬಿಟ್ಟು ಬಂದರು. ಕೀಳರಿಮೆ ಅಂತ ನಾವು ದಿನಾ ಬಳಸುತ್ತೇವಲ್ಲ, ಆ ವಿಚಾರವನ್ನು ಜನರ ಬಾಯಿಗೆ ತಂದವರು ಇವರೇ. ಮಗು ಹುಟ್ಟುವಾಗಲೇ ಚಿಕ್ಕದು, ಕೈಲಾಗದ್ದು, ಸುತ್ತ ಎಲ್ಲರೂ ದೊಡ್ಡವರು. ಆ ಕೊರತೆಯನ್ನು ತುಂಬಿಕೊಳ್ಳಲು ಅದು ಒಂದು ದಾರಿ ಹಿಡಿಯುತ್ತದೆ, ಹಿಡಿದದ್ದು ಅದಕ್ಕೇ ಗೊತ್ತಿರುವುದಿಲ್ಲ, ಐವತ್ತು ವರ್ಷ ಆದ ಮೇಲೂ ಅದೇ ದಾರಿಯಲ್ಲಿ ನಡೆಯುತ್ತಿರುತ್ತದೆ.

ಆ ದಾರಿ ಕಾಣಲು ಆಡ್ಲರ್ ಕೇಳುತ್ತಿದ್ದ ಪ್ರಶ್ನೆ ಒಂದೇ: ನಿಮ್ಮ ಅತಿ ಹಳೆಯ ನೆನಪು ಯಾವುದು?

ಇದನ್ನು ಮಾಡುವುದಕ್ಕೆ ಒಂದು ಕ್ರಮ ಇದೆ. ಎಂಟು ವರ್ಷದೊಳಗಿನ ಮೂರು ನಾಲ್ಕು ನೆನಪು ಬರೆಯಿರಿ. "ನಾವು ರಜೆಯಲ್ಲಿ ಅಜ್ಜಿ ಮನೆಗೆ ಹೋಗುತ್ತಿದ್ದೆವು" ಅನ್ನುವುದು ನಡೆಯುವುದಿಲ್ಲ, ಅದು ವರದಿ. ಒಂದು ದಿನ, ಒಂದು ಜಾಗ, ಒಂದು ಘಟನೆ ಬೇಕು. ಈಗಲೇ ನಡೆಯುತ್ತಿದೆ ಅನ್ನುವ ಹಾಗೆ ಬರೆಯಿರಿ. ಬರೆದ ಮೇಲೆ ಎರಡು ಗೆರೆ ಎಳೆಯಿರಿ: ಅತಿ ಸ್ಪಷ್ಟವಾಗಿ ಕಾಣುವ ಕ್ಷಣ ಯಾವುದೋ ಅದರ ಕೆಳಗೆ ಒಂದು, ಆಗ ಆದ ಅನುಭವ ಯಾವುದೋ ಅದರ ಕೆಳಗೆ ಇನ್ನೊಂದು. ಇನ್ನು, ಒಂದು ವರ್ಷದ ಮಗುವಾಗಿದ್ದಾಗಿನದು ನೆನಪಿದೆ ಅಂತ ಯಾರಾದರೂ ಹೇಳಿದರೆ ತಲೆ ಆಡಿಸಿ ಸುಮ್ನಿರಿ. ಸಾಮಾನ್ಯವಾಗಿ ಮೂರು ಮೂರೂವರೆ ವರ್ಷಕ್ಕಿಂತ ಹಿಂದಿನದು ಹೆಚ್ಚಿನವರಿಗೆ ಉಳಿಯುವುದಿಲ್ಲ, ಅದು ಫೋಟೋ ನೋಡಿಯೋ ಅಮ್ಮ ಹೇಳಿದ್ದು ಕೇಳಿಯೋ ಬಂದದ್ದು.

ಒಂದು ಉದಾಹರಣೆ ನೋಡಿ. ಸುಂಟಿಕೊಪ್ಪ ಕಡೆ ಒಬ್ಬ ಹೆಂಗಸು, ಈಗ ಬೆಂಗಳೂರಿನಲ್ಲಿ ಕೆಲಸ ಅಂತ ಇಟ್ಟುಕೊಳ್ಳೋಣ. ಅವಳು ಬರೆದದ್ದು ಹೀಗೆ: ಕಣದ ತುಂಬ ಕಾಫಿ ಹರಡಿದೆ. ಇದ್ದಕ್ಕಿದ್ದಂತೆ ಮೋಡ. ಅಪ್ಪ ಕೂಗುತ್ತಾರೆ, ಕೆಲಸದವರ ಲೈನ್‌ಮನೆಯಿಂದ ಎಲ್ಲರೂ ಓಡಿ ಬರುತ್ತಾರೆ, ಟಾರ್ಪಾಲ್ ಎಳೆಯುತ್ತಾರೆ, ಅಣ್ಣ ಕೂಡ ಒಂದು ಮೂಲೆ ಹಿಡಿದಿದ್ದಾನೆ. ನಾನು ಮೆಟ್ಟಿಲ ಮೇಲೆ ಕೂತಿದ್ದೇನೆ. ಯಾರೂ ನನ್ನನ್ನು ಕರೆಯುವುದಿಲ್ಲ. ಸ್ಪಷ್ಟವಾಗಿ ಕಾಣುವುದು ಅಣ್ಣನ ಕೈಯಲ್ಲಿರುವ ಟಾರ್ಪಾಲಿನ ನೀಲಿ ಮೂಲೆ.

ಈಗ ಆಡ್ಲರ್ ಥರ ಕೇಳಬೇಕು. ನೀವು ಆ ನೆನಪಿನಲ್ಲಿ ಮಾಡುತ್ತಿದ್ದೀರೋ, ನೋಡುತ್ತಿದ್ದೀರೋ? ಒಬ್ಬರೇ ಇದ್ದೀರೋ, ಜೊತೆಗೆ ಯಾರಿದ್ದಾರೆ? ಯಾರು ಆ ಚಿತ್ರದಲ್ಲೇ ಇಲ್ಲ? (ಇಲ್ಲಿ ಅಮ್ಮ ಇಲ್ಲ, ಗಮನಿಸಿದಿರಾ?) ಕೊನೆಗೆ ಏನಾಯಿತು, ಗೆದ್ದಿರೋ ಸೋತಿರೋ? ಆಮೇಲೆ ಮುಖ್ಯವಾದದ್ದು: ಈ ಚಿತ್ರ ಇವತ್ತಿನ ನಿಮ್ಮ ಬದುಕಿನಲ್ಲಿ ಎಲ್ಲಾದರೂ ಮತ್ತೆ ಮತ್ತೆ ಬರುತ್ತಿದೆಯೇ? ಅವಳು ಆಫೀಸಿನ ಮೀಟಿಂಗಲ್ಲಿ ಯಾರಾದರೂ ಕರೆಯಲಿ ಅಂತ ಕಾಯುತ್ತಾಳೆ, ಕರೆಯದಿದ್ದರೆ ರಾತ್ರಿ ನಿದ್ದೆ ಇಲ್ಲ, ತಾನಾಗಿ ಬಾಯಿ ಮಾತ್ರ ಬಿಡುವುದಿಲ್ಲ. ಹೊಂದಿತು ಅಲ್ವಾ? ಹೊಂದಿದ ಮಾತ್ರಕ್ಕೆ ನಿಜ ಆಗಿಬಿಡುವುದಿಲ್ಲ, ಅದಕ್ಕೆ ಕೊನೆಯಲ್ಲಿ ಒಂದು ಪರೀಕ್ಷೆ ಇದೆ.

ನೆನಪು ನಿಜವಾಗಿ ನಡೆದದ್ದೇ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆಡ್ಲರ್‌ರದ್ದೇ ಒಂದು ಕಥೆ ಇದೆ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಸ್ಮಶಾನ ಇತ್ತು, ಅದನ್ನು ದಾಟುವಾಗ ತನಗೆ ಹೆದರಿಕೆ, ಆ ಹೆದರಿಕೆ ಹೋಗಲಿ ಅಂತ ಒಂದು ದಿನ ಬೇಕೆಂದೇ ಸ್ಮಶಾನದೊಳಗೆ ಅತ್ತಿಂದಿತ್ತ ಓಡಿ ಧೈರ್ಯ ತಂದುಕೊಂಡೆ ಅನ್ನುವುದು ಅವರ ನೆನಪು. ದೊಡ್ಡವರಾದ ಮೇಲೆ ಹಳೇ ಸಹಪಾಠಿ ಒಬ್ಬರು ಸಿಕ್ಕಿ, ಆ ದಾರಿಯಲ್ಲಿ ಸ್ಮಶಾನವೇ ಇರಲಿಲ್ಲ ಅಂದರು. ಇಲ್ಲದ್ದನ್ನು ಮನಸ್ಸು ಯಾಕೆ ಕಟ್ಟಿಕೊಂಡಿತು ಅನ್ನುವುದೇ ಆಡ್ಲರ್‌ಗೆ ಮುಖ್ಯವಾದ ಪ್ರಶ್ನೆ. ಸಾವಿಗೆ ಹೆದರಿದ ಹುಡುಗನಿಗೆ ಆ ಕಥೆ ಬೇಕಿತ್ತು.

ಆಡ್ಲರ್ ಹೇಳಿದ್ದರಲ್ಲಿ ಒಂದನ್ನು ಮಾತ್ರ ಪಕ್ಕಕ್ಕಿಡಿ: ಹಿರಿಯ ಮಗ ಹೀಗೆ, ನಡುವಿನವಳು ಹಾಗೆ, ಕೊನೆಯವನು ಮುದ್ದು ಅನ್ನುವುದು. ಕೇಳಲು ಮಜವಾಗಿದೆ, ನಮ್ಮ ಮನೆಗಳಲ್ಲಿ ದಿನಾ ಹೇಳುತ್ತೇವೆ. ಆದರೆ 2015ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಅದರಲ್ಲಿ ಒಂದು ಅಮೆರಿಕದ ಮೂರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳದ್ದು, ಹುಟ್ಟಿದ ಕ್ರಮಕ್ಕೂ ವ್ಯಕ್ತಿತ್ವಕ್ಕೂ ಹೇಳಿಕೊಳ್ಳುವಂಥ ಸಂಬಂಧ ಸಿಗಲಿಲ್ಲ.

ಇನ್ನು ಯೂಂಗ್. ಸ್ವಿಟ್ಜರ್‌ಲೆಂಡಿನವರು, 1900ರಲ್ಲಿ ಜ್ಯೂರಿಕ್‌ನ ಬುರ್ಗ್‌ಹೋಲ್ಜ್‌ಲಿ ಮಾನಸಿಕ ಆಸ್ಪತ್ರೆಗೆ ಸೇರಿದರು. ಅಲ್ಲಿ ಮಾಡಿದ ಪದಗಳ ಪ್ರಯೋಗ ಈಗಲೂ ಮನೆಯಲ್ಲೇ ಮಾಡಬಹುದು, ಸ್ಟಾಪ್‌ವಾಚ್ ಮತ್ತು ಸ್ನೇಹಿತ ಬೇಕಾಗುವುದು ಇಲ್ಲೇ. ಯೂಂಗ್ ನೂರು ಪದ ಇಟ್ಟುಕೊಂಡಿದ್ದರು. ಒಂದೊಂದೇ ಹೇಳುವುದು, ಕೇಳಿದವರು ತಲೆಗೆ ಬಂದ ಮೊದಲ ಪದ ಹೇಳಬೇಕು, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳುವುದು. ನಿಮಗೆ ಮೂವತ್ತು ನಲವತ್ತು ಸಾಕು. ಪಟ್ಟಿಯನ್ನು ಸ್ನೇಹಿತನೇ ಮಾಡಲಿ, ನೀವು ಮೊದಲೇ ನೋಡಬಾರದು. ಜಾಸ್ತಿ ಸಾದಾ ಪದ ಇರಲಿ, ನಡುನಡುವೆ ಬಿಸಿ ಪದ ಬರಲಿ. ಮಳೆ, ಏಣಿ, ಉಪ್ಪು, ಅಪ್ಪ, ಬಸ್ಸು, ಸಾಲ, ಮೆಣಸು, ಮದುವೆ, ಆನೆ, ಬೀಗ, ಪಾಲು, ಹಾಲು ಬೇಡ.

ಹಾಲು ಯಾಕೆ ಬೇಡ ಅಂತ ಹೇಳುತ್ತೇನೆ. ನೀವು ಹೀಗೆ ಉತ್ತರ ಕೊಡುತ್ತಾ ಹೋಗುತ್ತೀರಿ: ಮಳೆ, ಕೊಡೆ. ಏಣಿ, ಮೆಣಸು. ಆನೆ, ಪಟಾಕಿ. ಒಂದೊಂದಕ್ಕೂ ಒಂದೂವರೆ ಎರಡು ಸೆಕೆಂಡು. ಪಾಲು ಅಂದಾಗ ನಿಲ್ಲುತ್ತೀರಿ. ಸ್ವಲ್ಪ ನಗುತ್ತೀರಿ. "ಏನಂದೆ? ಪಾಲಾ?" ಅಂತ ತಿರುಗಿ ಕೇಳುತ್ತೀರಿ. ಆಮೇಲೆ "ಹಾಲು" ಅನ್ನುತ್ತೀರಿ. ಯೂಂಗ್ ಪಟ್ಟಿ ಮಾಡಿದ ಲಕ್ಷಣಗಳಲ್ಲಿ ನಾಲ್ಕು ಇಲ್ಲೇ ಬಂದವು: ತಡ, ನಗು, ಪದವನ್ನೇ ತಿರುಗಿ ಹೇಳುವುದು, ಅರ್ಥ ಬಿಟ್ಟು ಬರೀ ಪ್ರಾಸಕ್ಕೆ ಜಾರುವುದು. ಹಾಲು ಮೊದಲೇ ಪಟ್ಟಿಯಲ್ಲಿದ್ದರೆ ಆ ಪದ ಪ್ರಾಸಕ್ಕೆ ಬಂತೋ, ಈಗಷ್ಟೇ ಕೇಳಿದ್ದಕ್ಕೆ ಬಂತೋ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ, ಮುಂದಿನ ಪದ ಎಷ್ಟೇ ಸುಲಭದ್ದಾದರೂ ಅದಕ್ಕೂ ತಡವಾಗಬಹುದು, ಕಲಕಿದ್ದು ಇನ್ನೂ ತಿಳಿಯಾಗಿರುವುದಿಲ್ಲ.

ಪಟ್ಟಿ ಮುಗಿದ ಮೇಲೆ ಟೀ ಕುಡಿದು ಎರಡನೇ ಸುತ್ತು ಮಾಡಿ. ಅವೇ ಪದ, ಈ ಸಲ ಮೊದಲು ಏನು ಹೇಳಿದ್ದಿರೋ ಅದನ್ನೇ ನೆನಪಿನಿಂದ ಹೇಳಬೇಕು. ಎಲ್ಲಿ ಮರೆತಿರಿ, ಎಲ್ಲಿ ಬದಲಾಯಿಸಿದಿರಿ ಅಂತ ಗುರುತು ಮಾಡಿ. ಎರಡೂ ಸುತ್ತಿನಲ್ಲಿ ಎಡವಿದ ಪದಗಳ ಸುತ್ತ ಭಾವನೆಯ ಒಂದು ಗಂಟು ಇರುತ್ತದೆ, ಯೂಂಗ್ ಅದನ್ನೇ ಕಾಂಪ್ಲೆಕ್ಸ್ ಅಂದರು. ಪ್ರಯೋಗ ಹೇಳುವುದು ಗಂಟು ಎಲ್ಲಿದೆ ಅಂತ ಮಾತ್ರ, ಏನು ಅಂತಲ್ಲ. ಪಾಲು ಅಂದಾಗ ಕಲಕಿದ್ದು ಆಸೆಯೋ, ನಾಚಿಕೆಯೋ, ಅಪ್ಪ ತೀರಿಕೊಂಡ ದಿನವೋ, ಅದನ್ನು ನೀವೇ ಕೂತು ಬರೆಯಬೇಕು. ಸ್ನೇಹಿತ ಅದಕ್ಕೆ ವ್ಯಾಖ್ಯಾನ ಕೊಡಲು ಬಂದರೆ ಇನ್ನೊಂದು ಲೋಟ ಟೀ ಕೊಟ್ಟು ಕಳಿಸಿ.

ಯೂಂಗ್ ಫ್ರಾಯ್ಡ್‌ರನ್ನು ಮೊದಲು ಭೇಟಿ ಮಾಡಿದ್ದು 1907ರಲ್ಲಿ, ಹದಿಮೂರು ಗಂಟೆ ಮಾತಾಡಿದರು ಅಂತ ಆಮೇಲೆ ಹೇಳಿಕೊಂಡಿದ್ದಾರೆ. 1913ಕ್ಕೆ ಸಂಬಂಧ ಕಡಿಯಿತು. ಅದರ ನಂತರದ ಯೂಂಗ್‌ರಿಂದ ಒಂದೇ ಒಂದು ಕೆಲಸ ಎತ್ತಿಕೊಳ್ಳಿ: ನೆರಳು. ನಿಮಗೆ ಕಂಡರಾಗದ ಒಬ್ಬರನ್ನು ನೆನೆಸಿಕೊಂಡು, ಅವರ ಯಾವ ಗುಣ ಕಂಡರೆ ಮೈ ಉರಿಯುತ್ತದೆ ಅಂತ ಐದು ಪದದಲ್ಲಿ ಬರೆಯಿರಿ. ಜಂಬ, ಜಿಪುಣತನ, ಎಲ್ಲರ ಮುಂದೆ ಅಳುವುದು, ಏನೋ ಒಂದು. ಸಾಧಾರಣ ಸಿಟ್ಟಿಗಿಂತ ಜಾಸ್ತಿ ಉರಿಯುವ ಗುಣ ಯಾವುದೋ, ಅದು ನಿಮ್ಮೊಳಗೂ ಇದ್ದು ನೀವು ಅದಕ್ಕೆ ಜಾಗ ಕೊಟ್ಟಿಲ್ಲ ಅನ್ನುವುದು ಯೂಂಗ್ ಅಂದಾಜು. ಪ್ರತಿ ಸಲ ನಿಜ ಅಲ್ಲ. ಕೆಲವರು ನಿಜವಾಗಿಯೂ ಜಿಪುಣರೇ.

ಇಲ್ಲೊಂದು ಗೊಂದಲ ಬಿಡಿಸಬೇಕು, ನಮ್ಮ ಕಡೆ ಓದಿದವರೇ ಇದನ್ನು ಹೇಳುತ್ತಾರೆ: ಯೂಂಗ್‌ರ ಸಾಮೂಹಿಕ ಸುಪ್ತ ಮನಸ್ಸು ಅಂದರೆ ನಮ್ಮ ಗುರು ಕಾರಣ (ಒಕ್ಕದ ಮೂಲ ಪೂರ್ವಿಕರು), ಅವರ ಗುಡಿಯಾದ ಕೈಮಡದಲ್ಲಿ ಇಡುವ ಎಡೆ, ಪೂರ್ವಿಕರು ನಮ್ಮೊಳಗೆ ಇರುವುದು. ಅಲ್ಲ. ಆ ಪೂರ್ವಿಕರು, ಅಂದರೆ ಕಾರಣವ, ಒಂದು ಒಕ್ಕದವರು, ಅವರಿಗೆ ಹೆಸರಿದೆ, ಕಥೆ ಇದೆ, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಜಾಗ ಇದೆ. ಯೂಂಗ್ ಹೇಳಿದ್ದು ಎಲ್ಲ ಮನುಷ್ಯರಿಗೂ ಒಂದೇ ಆದ, ಯಾರ ಸ್ವಂತ ನೆನಪೂ ಅಲ್ಲದ ಒಂದು ಪದರದ ಬಗ್ಗೆ. ತಾಯಿ, ವೀರ, ಮುದಿ ಜ್ಞಾನಿ ಅನ್ನುವ ಅಚ್ಚುಗಳು ಅಲ್ಲಿಂದ ಬರುತ್ತವೆ ಅನ್ನುವುದು ಅವರ ವಾದ. ಅದನ್ನು ಪರೀಕ್ಷೆ ಮಾಡಿ ನೋಡಲು ದಾರಿ ಇಲ್ಲದ ಕಾರಣ ನಾನು ಈ ಭಾಗವನ್ನು ಬಿಟ್ಟೇ ಮುಂದೆ ಹೋಗುತ್ತೇನೆ. ಅಂದ ಹಾಗೆ ಯೂಂಗ್ ನಮ್ಮ ಪಕ್ಕದ ಮೈಸೂರಿನ ತನಕ ಬಂದಿದ್ದರು, 1937-38ರ ಭಾರತ ಪ್ರವಾಸದಲ್ಲಿ. ಮಹಾರಾಜರ ಗುರುವಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಜೊತೆ ನಡೆದ ಮಾತುಕತೆಯನ್ನು ತಮ್ಮ ನೆನಪಿನಲ್ಲಿ ಬರೆದಿದ್ದಾರೆ. ಇನ್ನು ಆನ್‌ಲೈನಿನಲ್ಲಿ ಸಿಗುವ ಹದಿನಾರು ಬಗೆಯ ವ್ಯಕ್ತಿತ್ವದ ಪರೀಕ್ಷೆ ಯೂಂಗ್ ಮಾಡಿದ್ದಲ್ಲ. ಅವರ 1921ರ ಪುಸ್ತಕದ ವಿಚಾರ ಹಿಡಿದು ಅಮೆರಿಕದ ತಾಯಿ ಮಗಳಿಬ್ಬರು ಕಟ್ಟಿದ್ದು.

ನನ್ನ ಲೆಕ್ಕದಲ್ಲಿ ಈ ಎಲ್ಲರಲ್ಲಿ ದಿನನಿತ್ಯಕ್ಕೆ ಜಾಸ್ತಿ ಕೆಲಸಕ್ಕೆ ಬರುವವರು ಕರೆನ್ ಹಾರ್ನೈ. ಜರ್ಮನಿಯ ಡಾಕ್ಟರ್, 1932ರಲ್ಲಿ ಅಮೆರಿಕಕ್ಕೆ ಹೋದರು. ಹೆಣ್ಣು ಗಂಡಿನ ದೇಹ ನೋಡಿ ಕರುಬುತ್ತಾಳೆ ಅಂತ ಫ್ರಾಯ್ಡ್ ಅಂದದ್ದನ್ನು ಇವರು ಒಪ್ಪಲಿಲ್ಲ. ಹೆಣ್ಣು ಕರುಬುವುದಿದ್ದರೆ ಅದು ಗಂಡಿಗೆ ಸಮಾಜ ಕೊಟ್ಟ ಅಧಿಕಾರಕ್ಕೆ ಅಂದರು. 1941ರಲ್ಲಿ ನ್ಯೂಯಾರ್ಕ್‌ನ ಮನೋವಿಶ್ಲೇಷಣಾ ಸಂಸ್ಥೆ ಇವರ ಪಾಠದ ಹಕ್ಕು ಕಿತ್ತುಕೊಂಡಾಗ ಎದ್ದು ಹೊರಗೆ ನಡೆದರು. ಮರುವರ್ಷವೇ, 1942ರಲ್ಲಿ, ಮನುಷ್ಯ ತನ್ನನ್ನು ತಾನೇ ವಿಶ್ಲೇಷಣೆ ಮಾಡಿಕೊಳ್ಳಲು ಎಷ್ಟರ ಮಟ್ಟಿಗೆ ಸಾಧ್ಯ ಅನ್ನುವ ಬಗ್ಗೆ ಒಂದು ಪೂರ್ತಿ ಪುಸ್ತಕ ಬರೆದರು. ನಾವು ಈಗ ಮಾಡುತ್ತಿರುವ ಕೆಲಸಕ್ಕೆ ಹಿರಿಯಕ್ಕ ಅವರೇ.

ಹಾರ್ನೈ ಹೇಳುವುದು ಇಷ್ಟು. ಮಗುವಿಗೆ ತನ್ನ ಸುತ್ತ ಭದ್ರತೆ ಇಲ್ಲ ಅನಿಸಿದರೆ ಒಳಗೊಂದು ಕಳವಳ ಕೂರುತ್ತದೆ. ಅದನ್ನು ತಡೆದುಕೊಳ್ಳಲು ಮೂರು ದಾರಿ: ಜನರ ಹತ್ತಿರ ಹೋಗುವುದು, ಜನರ ಮೇಲೆ ಬೀಳುವುದು, ಜನರಿಂದ ದೂರ ಸರಿಯುವುದು. ಇದನ್ನು ನೋಡಬೇಕಾದರೆ ಯಾವುದಾದರೂ ಮದುವೆ ಮನೆಗೆ ಹೋಗಿ. ಒಬ್ಬರು ಬಂದಾಗಿನಿಂದ ಎಲ್ಲರಿಗೂ ಕಡಂಬುಟ್ಟು, ಪಂದಿಕರಿ ಬಡಿಸುತ್ತಾ ಓಡಾಡುತ್ತಿರುತ್ತಾರೆ, ತಾವು ಊಟಕ್ಕೆ ಕೂರುವುದೇ ಇಲ್ಲ, ಕೂತ್ಕೊಳ್ಳಿ ಅಂದರೆ "ಅಯ್ಯೋ ನನಗೇನು, ಆಮೇಲೆ" ಅನ್ನುತ್ತಾರೆ. ಇನ್ನೊಬ್ಬರು ವಾಲಗದವರಿಂದ ಹಿಡಿದು ಅಡುಗೆಯವರ ತನಕ ಎಲ್ಲರಲ್ಲೂ ತಪ್ಪು ಹುಡುಕಿ ದನಿ ಏರಿಸುತ್ತಾರೆ. ಮೂರನೆಯವರು ಮುಹೂರ್ತ ಮುಗಿಯುತ್ತಿದ್ದ ಹಾಗೆ ಹೊರಗೆ ಜೀಪಿನ ಹತ್ತಿರ ಹೋಗಿ ಫೋನ್ ಹಿಡಿದು ನಿಲ್ಲುತ್ತಾರೆ. ಮೂರೂ ನಮ್ಮೆಲ್ಲರಲ್ಲಿ ಇದೆ, ಇರಬೇಕು. ಸಮಸ್ಯೆ ಬರುವುದು ಒಬ್ಬರಿಗೆ ಒಂದೇ ದಾರಿ ಗೊತ್ತಿದ್ದು, ಅದು ಕೆಲಸಕ್ಕೆ ಬಾರದ ಕಡೆಯೂ ಅದನ್ನೇ ಮಾಡುತ್ತಾ ಹೋದಾಗ. ನೀವು ಯಾವುದು ಅಂತ ಕಂಡುಹಿಡಿಯಲು ನಿಮ್ಮನ್ನೇ ಕೇಳಿಕೊಳ್ಳಬೇಡಿ, ಮನೆಯಲ್ಲಿ ಕೇಳಿ. ಅಕ್ಕನಿಗೆ ಗೊತ್ತಿರುತ್ತದೆ.

ಆಮೇಲೆ ಒಂದು ವಾರ "ಬೇಕು" ಗಳನ್ನು ಬರೆದಿಡಿ. ಹಾರ್ನೈ ಇದನ್ನು ದಬ್ಬಾಳಿಕೆ ಅಂತಲೇ ಕರೆದರು. ನಾನು ಯಾವತ್ತೂ ಯಾರ ಹತ್ತಿರವೂ ಸಾಲ ಕೇಳದೆ ಇರಬೇಕು. ನಾನು ಅಳಬಾರದು, ಫೌಜಿ ಮಗ. ಬಂದವರು ಮಧ್ಯರಾತ್ರಿ ಬಂದರೂ ನಗುತ್ತಾ ಅಡುಗೆ ಮಾಡಬೇಕು. ತೋಟ ಅಪ್ಪ ನೋಡಿಕೊಂಡ ಹಾಗೇ ಇರಬೇಕು. ಒಂದೊಂದರ ಪಕ್ಕ ಇದು ಯಾರ ದನಿಯಲ್ಲಿ ಕೇಳಿಸುತ್ತದೆ ಅಂತ ಬರೆಯಿರಿ. ಅದನ್ನು ಮುರಿದರೆ ಏನಾಗುತ್ತದೆ ಅಂತ ನಿಮಗೆ ಭಯ ಅನ್ನುವುದನ್ನೂ ಬರೆಯಿರಿ. ಬರೆದ ಕೂಡಲೇ ಅರ್ಧಕ್ಕರ್ಧ ಬಿದ್ದುಹೋಗುತ್ತವೆ ಅಂತ ನಾನು ಹೇಳುವುದಿಲ್ಲ, ಬೀಳುವುದಿಲ್ಲ. ಆದರೆ ಕಾಫಿಗೆ ರೇಟು ಇಲ್ಲದ ವರ್ಷ ನಿಮ್ಮನ್ನು ನಿದ್ದೆಗೆಡಿಸಿದ್ದು ಬ್ಯಾಂಕಿನ ಕಂತೋ, ಅಪ್ಪನ ದನಿಯೋ ಅಂತ ಬೇರೆ ಮಾಡಿ ನೋಡಲು ಬರುತ್ತದೆ, ಕಂತಿಗೆ ಏನಾದರೂ ದಾರಿ ಹುಡುಕಬಹುದು.

ಎರಿಕ್ಸನ್‌ರನ್ನು ಬೇಗ ಮುಗಿಸುತ್ತೇನೆ. ಇವರಿಗೆ ಹುಟ್ಟಿಸಿದ ತಂದೆ ಯಾರು ಅಂತ ಕೊನೇ ತನಕ ಗೊತ್ತಾಗಲಿಲ್ಲ, ಅಮೆರಿಕಕ್ಕೆ ಹೋದ ಮೇಲೆ ಎರಿಕ್ಸನ್ ಅನ್ನುವ ಹೆಸರನ್ನು ತಾವೇ ಇಟ್ಟುಕೊಂಡರು. ನಾನು ಯಾರು ಅನ್ನುವ ಪ್ರಶ್ನೆಗೆ ಇವರಷ್ಟು ತೂಕ ಕೊಟ್ಟವರಿಲ್ಲ. 1950ರಲ್ಲಿ ಇಡೀ ಬದುಕನ್ನು ಎಂಟು ಹಂತ ಮಾಡಿ ಬರೆದರು, ಹದಿಹರೆಯದ್ದು ಐದನೆಯದು. ಆಮೇಲೆ ಜೇಮ್ಸ್ ಮಾರ್ಷಿಯಾ ಅನ್ನುವವರು ಅದಕ್ಕೆ ಒಂದು ಮಾತು ಸೇರಿಸಿದರು: ಕೆಲವರು ಹುಡುಕಾಟವನ್ನೇ ಮಾಡದೆ ಮನೆಯವರು ಕೊಟ್ಟ ಗುರುತನ್ನು ಹಾಗೇ ಹಾಕಿಕೊಂಡುಬಿಡುತ್ತಾರೆ. ಅಜ್ಜ ಸೈನ್ಯ, ಅಪ್ಪ ಸೈನ್ಯ, ನಾನೂ ಸೈನ್ಯ. ಅದರಲ್ಲಿ ತಪ್ಪಿಲ್ಲ, ತುಂಬ ಜನ ಅದರಲ್ಲೇ ಸುಖವಾಗಿದ್ದಾರೆ. ನೀವು ಬರೆಯಬೇಕಾದದ್ದು ಇಷ್ಟೇ: ಹದಿನೆಂಟರಲ್ಲಿ ನನ್ನ ಮುಂದೆ ಬೇರೆ ಯಾವ ದಾರಿ ಇತ್ತು, ಅದನ್ನು ನಾನು ನೋಡಿ ಬಿಟ್ಟೆನೋ, ನೋಡದೆ ಬಿಟ್ಟೆನೋ?

ಈಗ ಆ ಪರೀಕ್ಷೆ. ಇದನ್ನು ಬಿಟ್ಟರೆ ಮೇಲಿನದ್ದೆಲ್ಲ ಕಣಿ ಹೇಳಿದ ಹಾಗೆ. ದಾರ್ಶನಿಕ ಕಾರ್ಲ್ ಪಾಪರ್ ಚಿಕ್ಕ ವಯಸ್ಸಿನಲ್ಲಿ ವಿಯೆನ್ನಾದಲ್ಲಿ ಆಡ್ಲರ್ ಜೊತೆ ಸ್ವಲ್ಪ ಕೆಲಸ ಮಾಡಿದ್ದರು. 1919ರಲ್ಲಿ ಒಂದು ಮಗುವಿನ ವಿಷಯ ಹೇಳಿದಾಗ ಆಡ್ಲರ್ ಆ ಮಗುವನ್ನು ನೋಡದೆಯೇ ಕೀಳರಿಮೆಯ ಲೆಕ್ಕದಲ್ಲಿ ಸಲೀಸಾಗಿ ವಿವರಿಸಿಬಿಟ್ಟರಂತೆ. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಅಂದರೆ, ಸಾವಿರ ಸಲ ನೋಡಿದ್ದೇನೆ ಅನ್ನುವ ಅರ್ಥದ ಉತ್ತರ ಬಂತು. ಪಾಪರ್‌ಗೆ ಅದೇ ಚುಚ್ಚಿತು. ಏನು ನಡೆದರೂ ಹೊಂದುವ ವಿವರಣೆ ಏನನ್ನೂ ಹೇಳುವುದಿಲ್ಲ.

ಆದ್ದರಿಂದ ನಿಮ್ಮ ಬಗ್ಗೆ ನೀವು ಕಂಡುಕೊಂಡದ್ದನ್ನು ತಪ್ಪಾಗಲು ಸಾಧ್ಯ ಇರುವ ಹಾಗೆ ಬರೆಯಿರಿ. "ನನಗೆ ಕೀಳರಿಮೆ ಇದೆ" ಅನ್ನುವುದು ಬೇಡ. "ಕೈಲ್ ಪೊಳ್ದ್‌ಗೆ ಎಲ್ಲರೂ ಸೇರಿದಾಗ ದೊಡ್ಡಪ್ಪ ನನ್ನ ಕೆಲಸದ ಬಗ್ಗೆ ಕೇಳಿದರೆ ನಾನು ಉತ್ತರ ಕೊಡದೆ ಎದ್ದು ಹೋಗುತ್ತೇನೆ" ಅಂತ ತಾರೀಕು ಹಾಕಿ ಬರೆಯಿರಿ. ಹಬ್ಬ ಮುಗಿದ ರಾತ್ರಿ ಪಕ್ಕದಲ್ಲಿ ನಡೆದದ್ದನ್ನು ಬರೆಯಿರಿ. ಎದ್ದು ಹೋಗಲಿಲ್ಲವೇ? ಹಾಗಾದರೆ ಆ ವಿವರಣೆಯನ್ನು ಹೊಡೆದು ಹಾಕಿ, "ಒಳಗೊಳಗೆ ಎದ್ದು ಹೋಗಿದ್ದೆ" ಅಂತ ತೇಪೆ ಹಚ್ಚಬೇಡಿ. ಮೆಟ್ಟಿಲ ಮೇಲೆ ಕೂತ ನೆನಪಿನ ಆ ಹೆಂಗಸಿಗೂ ಇದೇ ಕೆಲಸ: ಮುಂದಿನ ಐದು ಮೀಟಿಂಗಲ್ಲಿ ಎಷ್ಟರಲ್ಲಿ ಕರೆಯುವ ತನಕ ಕಾದಳು ಅಂತ ಎಣಿಸುವುದು. ಒಂದರಲ್ಲೂ ಕಾಯದಿದ್ದರೆ ಟಾರ್ಪಾಲು ಬರೀ ಟಾರ್ಪಾಲು.

ಇನ್ನೊಬ್ಬರ ಮೇಲೆ ಇದನ್ನು ಮಾಡಬೇಡಿ. ಗಂಡ ಹೆಂಡತಿ ಜಗಳದಲ್ಲಿ "ಇದು ನಿನ್ನ ಬಾಲ್ಯದ ಕಳವಳ" ಅಂತ ಶುರು ಮಾಡಿದವರು ಗೆದ್ದದ್ದು ನಾನು ಕಂಡಿಲ್ಲ. ಚಿಕ್ಕ ಮಕ್ಕಳ ಮೇಲಂತೂ ಬೇಡವೇ ಬೇಡ.

ಹಳೇ ನೆನಪು ಬರೆಯುವಾಗ ಎಲ್ಲರಿಗೂ ಕಣ, ಟಾರ್ಪಾಲು ಅಂತ ಹಗುರದ್ದೇ ಬರುವುದಿಲ್ಲ. ಹೊಡೆತ, ಮೈ ಮುಟ್ಟಿದ್ದು, 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ರಾತ್ರಿಯ ಸದ್ದು ಬರಬಹುದು. ಬರೆಯುತ್ತಾ ಇದ್ದ ಹಾಗೆ ಎದೆ ಹೊಡೆದುಕೊಂಡರೆ, ಆಮೇಲೆ ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನಿಸಿದರೆ ಅಲ್ಲಿಗೆ ನಿಲ್ಲಿಸಿ. ಆಡ್ಲರ್, ಯೂಂಗ್ ಇಬ್ಬರೂ ಡಾಕ್ಟರುಗಳೇ, ಇಂಥವರನ್ನು ನೋಟ್‌ಬುಕ್ ಕೊಟ್ಟು ಮನೆಗೆ ಕಳಿಸುತ್ತಿರಲಿಲ್ಲ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಮಾತಾಡಬೇಕು ಅನಿಸಿದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕೇಳಿ. ಹೋಗುವಾಗ ಒಬ್ಬರೇ ಹೋಗಬೇಡಿ, ಮನೆಯಲ್ಲಿ ಯಾರ ಹತ್ತಿರ ಹೇಳಲು ಬರುತ್ತದೋ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.